ಹನ್ನೆರಡು ವಾರದ ಪ್ರಯೋಗ, ಹನ್ನೆರಡು ವರ್ಷದ ಮಂಡಿನೋವು

ಕ್ಲಿನಿಕ್ ತೆರೆದು ಬೋರ್ಡು ಹಾಕಿದ್ದೀಯ, ಸಂತೋಷ. ಕೈಗುಣ ಚೆನ್ನಾಗಿದೆ ಅನ್ನಿಸಿಕೊಳ್ಳಲು ಕಾಲ ಹಿಡಿಯುತ್ತದೆ. ಮೇಜಿನ ಮೇಲೆ ಹೊಳಪು ಕಾಗದದ ರಾಶಿ ಬೆಳೆಯಲು ಮಾತ್ರ ತಿಂಗಳೂ ಬೇಡ. ಕೊನೆಯ ರೋಗಿ ಎದ್ದು ಹೋಗುವವರೆಗೆ ಬೆಂಚಿನ ತುದಿಯಲ್ಲಿ ಕಾದು ಒಳಗೆ ಬರುವ ಮೆಡಿಕಲ್ ರೆಪ್ ಹುಡುಗನದೂ ಹೊಟ್ಟೆಪಾಡೇ. ಕೂರಿಸಿ ಮಾತಾಡಿಸು, ಬೇಸಿಗೆಯಾದರೆ ನೀರು ಕೊಡು. ಅವನು ಬ್ಯಾಗಿನಿಂದ ತೆಗೆಯುವ ಹಾಳೆಗಳಲ್ಲಿ ಒಂದಾದರೂ ನೋವಿನ ಮಾತ್ರೆಯದಾಗಿರುತ್ತದೆ. ಎರಡು ಬಣ್ಣದ ಗ್ರಾಫ್, ಒಂದು ಗೆರೆ ಇನ್ನೊಂದಕ್ಕಿಂತ ಬೇಗ ಕೆಳಗಿಳಿದಿರುತ್ತದೆ, ಅಡಿಯಲ್ಲಿ ದಪ್ಪಕ್ಷರದ ಸಾಲು: ಪರಿಣಾಮಕಾರಿ ಎಂದು ಸಾಬೀತಾಗಿದೆ, ರೋಗಿಗಳು ಚೆನ್ನಾಗಿ ತಾಳಿಕೊಂಡಿದ್ದಾರೆ.

ಆ ಸಾಲನ್ನು ಸುಳ್ಳು ಅನ್ನಬೇಡ. ಬಹುಮಟ್ಟಿಗೆ ನಿಜವೇ ಇರುತ್ತದೆ. ಎಷ್ಟು ದಿನದ ಮಟ್ಟಿಗೆ ನಿಜ, ಯಾರ ಮಟ್ಟಿಗೆ ನಿಜ, ಲೆಕ್ಕ ಬರೆದವರು ಯಾರು, ಇಷ್ಟನ್ನು ಕೇಳುವ ಅಭ್ಯಾಸ ಈಗಲೇ ಬೆಳೆಸಿಕೊ. ಓದುವಾಗ ಇದನ್ನು ಯಾರೂ ಹೇಳಿಕೊಡುವುದಿಲ್ಲ. ಫಾರ್ಮಕಾಲಜಿ ಪರೀಕ್ಷೆಯಲ್ಲಿ ಡೋಸು ಕೇಳುತ್ತಾರೆ, ಅಡ್ಡ ಪರಿಣಾಮಗಳ ಪಟ್ಟಿ ಕೇಳುತ್ತಾರೆ. ಆ ಪಟ್ಟಿ ಎಲ್ಲಿಂದ ಬಂತು ಅಂತ ಕೇಳುವುದಿಲ್ಲ.

ಉಪದೇಶಕ್ಕಿಂತ ಉದಾಹರಣೆ ವಾಸಿ. ಒಂದೇ ಒಂದು ಪ್ರಬಂಧವನ್ನು ಮುಂದಿಟ್ಟುಕೊಂಡು ಹೇಳುತ್ತೇನೆ. 2003ರ ಅಕ್ಟೋಬರಿನಲ್ಲಿ ಅಮೆರಿಕದ ‘ಆನಲ್ಸ್ ಆಫ್ ಇಂಟರ್ನಲ್ ಮೆಡಿಸಿನ್’ ಪತ್ರಿಕೆಯಲ್ಲಿ ಅದು ಅಚ್ಚಾಯಿತು. ಮರ್ಕ್ ಕಂಪನಿಯ ರೋಫೆಕಾಕ್ಸಿಬ್, ಅಂದರೆ ವಯಾಕ್ಸ್, ಮತ್ತು ಹಳೆಯ ನ್ಯಾಪ್ರಾಕ್ಸೆನ್. ಮಂಡಿ, ಸೊಂಟ ಸವೆದು ನೋಯುವವರಲ್ಲಿ ಇವೆರಡರ ಪೈಕಿ ಹೊಟ್ಟೆ ಯಾವುದನ್ನು ಹೆಚ್ಚು ತಾಳುತ್ತದೆ, ನೋವು ಯಾವುದಕ್ಕೆ ಬಗ್ಗುತ್ತದೆ ಎಂಬ ಅಧ್ಯಯನ. ಪ್ರಯೋಗಕ್ಕೆ ‘ಅಡ್ವಾಂಟೇಜ್’ ಎಂಬ ಹೆಸರು. ಉದ್ದನೆಯ ಇಂಗ್ಲಿಷ್ ಶೀರ್ಷಿಕೆಯಿಂದ ಒಂದೊಂದು ಅಕ್ಷರ ಹೆಕ್ಕಿ ಜೋಡಿಸಿದ್ದು. ಫಲಿತಾಂಶ ಬರುವ ಮೊದಲೇ ಪ್ರಯೋಗಕ್ಕೆ ಇಂಥ ಹೆಸರಿಟ್ಟವರನ್ನು ಕಂಡರೆ ನನಗೆ ಸ್ವಲ್ಪ ಅನುಮಾನ. ಆದರೆ ಹೆಸರಿನ ಮೇಲೆ ತೀರ್ಪು ಕೊಡುವುದು ಬೇಡ, ಅಂಕಿ ನೋಡೋಣ.

5,557 ರೋಗಿಗಳು, 12 ವಾರ. ಹೊಟ್ಟೆಯ ತೊಂದರೆಯಿಂದ ಮಾತ್ರೆ ಬಿಟ್ಟವರು ವಯಾಕ್ಸ್ ಕಡೆ ಶೇ. 5.9, ನ್ಯಾಪ್ರಾಕ್ಸೆನ್ ಕಡೆ ಶೇ. 8.1. ನೋವು ಕಡಿಮೆ ಮಾಡುವುದರಲ್ಲಿ ಎರಡೂ ಹೆಚ್ಚುಕಡಿಮೆ ಸಮ. ರೆಪ್ ತೋರಿಸುವ ಹಾಳೆಯಲ್ಲಿ ಇದು ‘ಕಾಲು ಭಾಗಕ್ಕಿಂತ ಹೆಚ್ಚು ಕಡಿತ’ ಎಂದು ಬರುತ್ತದೆ. ಕೂಡಿ ಕಳೆದು ನೋಡಿದರೆ ನೂರು ಜನರಲ್ಲಿ ಎರಡು ಚಿಲ್ಲರೆ ಮಂದಿಗೆ ಆದ ಅನುಕೂಲ. ಅದೂ ಹೊಟ್ಟೆಯ ಹುಣ್ಣು ಒಡೆದು ರಕ್ತ ಕಾರುವುದು ತಪ್ಪಿತು ಅಂತಲ್ಲ. ಎದೆಯುರಿ, ಸಂಕಟ ಎಂದು ಮಾತ್ರೆ ಬದಿಗಿಡುವುದು ತಪ್ಪಿತು ಅಂತ. ಎರಡೂ ಬೇಕಾದದ್ದೇ, ಆದರೆ ಎರಡೂ ಒಂದೇ ಅಲ್ಲ.

ಈಗ ಆ ಪ್ರಬಂಧದ ವಿಧಾನದ ಭಾಗಕ್ಕೆ ಬಾ. ಯುವ ವೈದ್ಯರು ಹಾರಿಸಿ ಓದುವುದು ಇದನ್ನೇ. ಪ್ರಯೋಗ ನಡೆದದ್ದು ಸುಮಾರು 600 ಕಡೆ. 5,557ನ್ನು 600ರಿಂದ ಭಾಗಿಸು: ಒಂದೊಂದು ಕಡೆ ಒಂಬತ್ತು ರೋಗಿಗಳು. ಒಬ್ಬೊಬ್ಬ ಡಾಕ್ಟರಿಗೆ ಒಂಬತ್ತೇ ರೋಗಿಗಳನ್ನು ಕೊಟ್ಟು, ಆರುನೂರು ಕಡೆ ತರಬೇತಿ, ಫಾರಂ, ಮಾತ್ರೆ, ಮೇಲ್ವಿಚಾರಣೆ ನಡೆಸುವ ತಾಪತ್ರಯ ಯಾರಿಗೆ ಬೇಕು? ನಾಲ್ಕೈದು ದೊಡ್ಡ ಆಸ್ಪತ್ರೆ ಹಿಡಿದಿದ್ದರೆ ಖರ್ಚೂ ಕಡಿಮೆ, ಲೆಕ್ಕವೂ ಚೊಕ್ಕ. ಉತ್ತರ ಹೊರಬಿದ್ದದ್ದು 2008ರಲ್ಲಿ. ಕೋರ್ಟು ವ್ಯಾಜ್ಯಗಳಲ್ಲಿ ಬಯಲಾದ ಕಂಪನಿಯ ಒಳಗಿನ ಕಾಗದಪತ್ರಗಳನ್ನು ಓದಿದ ಕೆವಿನ್ ಹಿಲ್, ಹಾರ್ಲನ್ ಕ್ರುಮ್‌ಹೋಲ್ಜ್ ಮತ್ತಿತರರು ಅದೇ ಆನಲ್ಸ್ ಪತ್ರಿಕೆಯಲ್ಲಿ ಬರೆದರು: ಈ ಪ್ರಯೋಗ ಮೂಡಿದ್ದು ಮಾರಾಟ ವಿಭಾಗದಲ್ಲಿ; ಮಾತ್ರೆ ಮಾರುಕಟ್ಟೆಗೆ ಬರುವ ಹೊತ್ತಿಗೆ ಕುಟುಂಬ ವೈದ್ಯರ ಕೈಗೆ ಅದು ರೂಢಿಯಾಗಿರಬೇಕು ಎಂಬುದು ಉದ್ದೇಶ. ಅಂದರೆ ಪರೀಕ್ಷೆಗೆ ಒಳಗಾದವರು ರೋಗಿಗಳಷ್ಟೇ ಅಲ್ಲ, ಆ ಆರುನೂರು ವೈದ್ಯರು ಕೂಡ. ಅವರಿಗದು ಗೊತ್ತಿರಲಿಲ್ಲ. ಕಂಪನಿ ಈ ಮಾತನ್ನು ಒಪ್ಪಲಿಲ್ಲ ಅನ್ನುವುದನ್ನೂ ಹೇಳಿಬಿಡಬೇಕು. ಆದರೆ 2003ರ ಪ್ರಬಂಧದ ಮೊದಲ ಲೇಖಕರಾದ ಜೆಫ್ರಿ ಲಿಸ್ಸೆ 2005ರಲ್ಲೇ ನ್ಯೂಯಾರ್ಕ್ ಟೈಮ್ಸಿಗೆ ಹೇಳಿದ್ದರು: ಪ್ರಯೋಗ ರೂಪಿಸಿದ್ದೂ ನಡೆಸಿದ್ದೂ ಮರ್ಕ್, ಬರಹದ ಮೊದಲ ಕರಡು ಆದದ್ದೂ ಅಲ್ಲೇ, ಆಮೇಲೆ ತಿದ್ದಲಿಕ್ಕೆಂದು ತಮಗೆ ಬಂತು.

ಇನ್ನೊಂದು ಅಂಕಿ ಆ ಪ್ರಬಂಧದಲ್ಲೇ ತಣ್ಣಗೆ ಕೂತಿತ್ತು. ಹೃದಯಾಘಾತವಾದವರು ವಯಾಕ್ಸ್ ಕಡೆ ಐವರು, ನ್ಯಾಪ್ರಾಕ್ಸೆನ್ ಕಡೆ ಒಬ್ಬರು. ಸಂಖ್ಯಾಶಾಸ್ತ್ರದ ದೃಷ್ಟಿಯಲ್ಲಿ ಗಣನೀಯ ವ್ಯತ್ಯಾಸವಲ್ಲ ಎಂದಿತು ಪ್ರಬಂಧ. ಹೌದು, ಅಲ್ಲ. ಹೊಟ್ಟೆಯ ಲೆಕ್ಕ ಹಾಕಲು ಕಟ್ಟಿದ, 12 ವಾರಕ್ಕೆ ಮುಗಿಯುವ ಪ್ರಯೋಗದಲ್ಲಿ ಹೃದಯದ ಲೆಕ್ಕ ಗಣನೀಯವಾಗುವಷ್ಟು ಕೂಡಿಬರುವುದೇ ಇಲ್ಲ. ‘ಗಣನೀಯವಲ್ಲ’ ಎಂಬುದನ್ನು ‘ಅಪಾಯವಿಲ್ಲ’ ಎಂದು ಓದಬೇಡ. ಹುಡುಕಲು ಶಕ್ತಿಯಿರಲಿಲ್ಲ ಎಂಬುದಕ್ಕೂ ಹುಡುಕಿದರೂ ಸಿಗಲಿಲ್ಲ ಎಂಬುದಕ್ಕೂ ಅಜಗಜಾಂತರ.

ಹೃದಯದ ಮಾತು ನೋವಿನ ಮಾತ್ರೆಗೆ ಹೇಗೆ ಬಂತು ಎಂಬುದು ನಿನಗೆ ಗೊತ್ತಿರಬೇಕು, ಆದರೂ ನೆನಪಿಸುತ್ತೇನೆ. 1971ರಲ್ಲಿ ಲಂಡನ್ನಿನ ಜಾನ್ ವೇನ್, ಆಸ್ಪಿರಿನ್ ಜಾತಿಯ ಮಾತ್ರೆಗಳು ಪ್ರೋಸ್ಟಾಗ್ಲಾಂಡಿನ್ ತಯಾರಿಯನ್ನು ತಡೆಯುತ್ತವೆ ಎಂದು ತೋರಿಸಿದರು. 1982ರಲ್ಲಿ ನೊಬೆಲ್ ಪಾಲು ಬಂತು. ನೋವು, ಊತ, ಉರಿಗೆ ಈ ಪ್ರೋಸ್ಟಾಗ್ಲಾಂಡಿನ್ ಕಾರಣ, ಸರಿ. ಅದೇ ಕುಟುಂಬದವು ಜಠರದ ಒಳಪದರ ಕಾಯುತ್ತವೆ, ಮೂತ್ರಪಿಂಡಕ್ಕೆ ರಕ್ತ ಸರಾಗವಾಗಿ ಹರಿಯುವಂತೆ ನೋಡಿಕೊಳ್ಳುತ್ತವೆ, ರಕ್ತನಾಳದಲ್ಲಿ ಹೆಪ್ಪುಗಟ್ಟುವುದಕ್ಕೂ ಕಟ್ಟದಿರುವುದಕ್ಕೂ ತೂಕ ಹಾಕುತ್ತವೆ. 1990ರ ದಶಕದಲ್ಲಿ ಪ್ರೋಸ್ಟಾಗ್ಲಾಂಡಿನ್ ತಯಾರಿಸುವ ಕಾಕ್ಸ್ ಕಿಣ್ವ ಎರಡು ಬಗೆ ಎಂದು ಗೊತ್ತಾದಾಗ ಎಲ್ಲರಿಗೂ ಹುರುಪು: ಹೊಟ್ಟೆ ಕಾಯುವ ಕಾಕ್ಸ್-1ನ್ನು ಬಿಟ್ಟು ಊತ ಎಬ್ಬಿಸುವ ಕಾಕ್ಸ್-2ನ್ನು ಮಾತ್ರ ಹಿಡಿದರಾಯಿತು! ವಯಾಕ್ಸ್ ಹುಟ್ಟಿದ್ದು ಹೀಗೆ. ಆದರೆ ರಕ್ತ ಹೆಪ್ಪುಗಟ್ಟದಂತೆ ನೋಡಿಕೊಳ್ಳುವ ಪ್ರೋಸ್ಟಾಸೈಕ್ಲಿನ್ ತಯಾರಾಗುವುದು ಬಹುಪಾಲು ಈ ಕಾಕ್ಸ್-2ರ ಕೈಯಲ್ಲೇ. ಹೆಪ್ಪುಗಟ್ಟಿಸುವ ಥ್ರಾಂಬಾಕ್ಸೇನ್ ಮಾತ್ರ ಕಾಕ್ಸ್-1ರದು. ಒಂದನ್ನು ಕಟ್ಟಿಹಾಕಿ ಇನ್ನೊಂದನ್ನು ಬಿಟ್ಟರೆ ತಕ್ಕಡಿ ವಾಲದೆ ಇನ್ನೇನು?

ಸುಳಿವು 2000ದಲ್ಲೇ ಇತ್ತು. ‘ವಿಗರ್’ ಎಂಬ ಪ್ರಯೋಗ, ಸಂಧಿವಾತದ 8,076 ರೋಗಿಗಳು, ಸರಾಸರಿ ಒಂಬತ್ತು ತಿಂಗಳು. ಹೊಟ್ಟೆಯ ಗಂಭೀರ ತೊಂದರೆ ವಯಾಕ್ಸ್ ಕಡೆ ಅರ್ಧಕ್ಕಿಂತ ಕಡಿಮೆ. ಹೃದಯಾಘಾತ ಮಾತ್ರ ಶೇ. 0.4, ನ್ಯಾಪ್ರಾಕ್ಸೆನ್ ಕಡೆ ಶೇ. 0.1. ಆಗ ಕೊಟ್ಟ ಸಮಜಾಯಿಷಿ ಏನು ಗೊತ್ತೇ? ವಯಾಕ್ಸ್ ಹೃದಯ ಕೆಡಿಸಲಿಲ್ಲ, ನ್ಯಾಪ್ರಾಕ್ಸೆನ್ ಹೃದಯ ಕಾಪಾಡಿತು! ಅಷ್ಟೇ ಅಲ್ಲ. ಐದು ವರ್ಷದ ಮೇಲೆ ಗೊತ್ತಾದದ್ದು, ವಯಾಕ್ಸ್ ಕಡೆಯ ಇನ್ನೂ ಮೂರು ಹೃದಯಾಘಾತಗಳು ಪ್ರಬಂಧದ ಲೆಕ್ಕಕ್ಕೆ ಸೇರಿರಲಿಲ್ಲ. ಲೆಕ್ಕ ನಿಲ್ಲಿಸುವ ದಿನಾಂಕದ ಆಚೆ ಬಂದವು ಎಂದರು ಲೇಖಕರು. ನೋಡಿದರೆ ಹೊಟ್ಟೆಯ ಘಟನೆಗಳ ಲೆಕ್ಕ ಹೃದಯದ ಲೆಕ್ಕಕ್ಕಿಂತ ಒಂದು ತಿಂಗಳು ಹೆಚ್ಚು ಓಡಿತ್ತು. ಹಿತವಾದ ಸುದ್ದಿಗೆ ಒಂದು ಗಡಿಯಾರ, ಅಹಿತ ಸುದ್ದಿಗೆ ಇನ್ನೊಂದು. ಗಡುವು ಯಾವಾಗ, ಎರಡೂ ಕಡೆಗೆ ಒಂದೇ ಗಡುವೇ ಎಂದು ನೋಡುವ ಚಾಳಿ ನನಗೆ ಹತ್ತಿದ್ದು ಇದನ್ನು ಓದಿದ ಮೇಲೆ.

ಕೊನೆಗೆ ಗುಟ್ಟು ರಟ್ಟಾದದ್ದು ನೋವಿಗೆ ಸಂಬಂಧವೇ ಇಲ್ಲದ ಪ್ರಯೋಗದಲ್ಲಿ. ದೊಡ್ಡ ಕರುಳಿನ ಪಾಲಿಪ್ ಮರುಕಳಿಸುವುದನ್ನು ವಯಾಕ್ಸ್ ತಡೆಯುತ್ತದೆಯೇ ಎಂದು ನೋಡಲು ಮೂರು ವರ್ಷದ ‘ಅಪ್ರೂವ್’ ಅಧ್ಯಯನ. ಎದುರಿಗಿದ್ದದ್ದು ನ್ಯಾಪ್ರಾಕ್ಸೆನ್ ಅಲ್ಲ, ಬರೀ ಸಕ್ಕರೆ ಗುಳಿಗೆ. ಸಕ್ಕರೆ ಗುಳಿಗೆ ಹೃದಯ ಕಾಪಾಡಿತು ಅನ್ನಲು ಬರುವುದಿಲ್ಲವಲ್ಲ! ಹೃದಯಾಘಾತ, ಲಕ್ವಗಳ ಅಪಾಯ ಹತ್ತಿರ ಹತ್ತಿರ ಇಮ್ಮಡಿ ಎಂದು ಕಂಡಿತು. 2004ರ ಸೆಪ್ಟೆಂಬರ್ 30ರಂದು ಮರ್ಕ್ ತನ್ನ ಮಾತ್ರೆಯನ್ನು ಜಗತ್ತಿನಾದ್ಯಂತ ಹಿಂದಕ್ಕೆ ಪಡೆಯಿತು. ಅಷ್ಟರಲ್ಲಿ ಎಂಟು ಕೋಟಿ ಜನ ಅದನ್ನು ನುಂಗಿದ್ದರು. ಆಗ ನಮ್ಮಲ್ಲಿ ಔಷಧದ ಪೇಟೆಂಟ್ ಕಾಯ್ದೆ ಬೇರೆಯಿತ್ತು. ಇಲ್ಲಿಯ ಕಂಪನಿಗಳೂ ರೋಫೆಕಾಕ್ಸಿಬನ್ನು ತಂತಮ್ಮ ಹೆಸರಿನಲ್ಲಿ ಮಾರುತ್ತಿದ್ದವು. ಭಾರತ ಸರ್ಕಾರ ಆ ವರ್ಷದ ಡಿಸೆಂಬರಿನಲ್ಲಿ ನಿಷೇಧಿಸಿತು. ಅಪ್ರೂವ್ ಪ್ರಬಂಧ 2005ರಲ್ಲಿ ಅಚ್ಚಾದಾಗ ಅಪಾಯ ಕಾಣುವುದು 18 ತಿಂಗಳಾದ ಮೇಲೆ ಎಂದು ಬರೆದಿದ್ದರು. ಮರುವರ್ಷ ಪತ್ರಿಕೆ ತಿದ್ದುಪಡಿ ಹಾಕಿ ಆ 18 ತಿಂಗಳ ಮಾತನ್ನು ಕಿತ್ತುಹಾಕಿತು. ತಿದ್ದುಪಡಿ ಓದುವವರು ಎಷ್ಟು ಜನ? ರೆಪ್ ತರುವ ಹಾಳೆಯಲ್ಲಂತೂ ಅದು ಬರುವುದಿಲ್ಲ.

ಇದೊಂದೇ ಕಂಪನಿಯ ಕತೆ ಎಂದುಕೊಂಡೀಯ. ಅದೇ ಜಾತಿಯ ಸೆಲೆಕಾಕ್ಸಿಬ್ ಮೇಲಿನ ‘ಕ್ಲಾಸ್’ ಅಧ್ಯಯನದ ಪ್ರಬಂಧ 2000ದಲ್ಲಿ ಆರು ತಿಂಗಳ ಲೆಕ್ಕ ಕೊಟ್ಟು ಹೊಟ್ಟೆಗೆ ಒಳ್ಳೆಯದು ಎಂದಿತು. ಪ್ರಯೋಗ ಒಂದು ವರ್ಷದ ಆಚೆಗೂ ಓಡಿತ್ತು. ಪೂರ್ತಿ ಲೆಕ್ಕದಲ್ಲಿ ಆ ಅನುಕೂಲ ಕರಗಿಹೋಗಿತ್ತು. ಇನ್ನು ಮ್ಯಾಸಚೂಸೆಟ್ಸಿನ ಅರಿವಳಿಕೆ ತಜ್ಞ ಸ್ಕಾಟ್ ರೂಬೆನ್. ಶಸ್ತ್ರಚಿಕಿತ್ಸೆಯ ನಂತರದ ನೋವಿಗೆ ಈ ಮಾತ್ರೆಗಳು ಚೆನ್ನ ಎಂದು ವರ್ಷಗಟ್ಟಲೆ ಬರೆದ. 2009ರಲ್ಲಿ ನೋಡಿದರೆ 21 ಪ್ರಬಂಧಗಳ ಅಂಕಿಅಂಶ ಕಟ್ಟುಕತೆ. ಜೈಲಿಗೆ ಹೋದ. ಅಂಥವರು ಅಪರೂಪ, ಅವರ ಚಿಂತೆ ನಿನಗೆ ಬೇಡ. ಸುಳ್ಳು ಹೇಳದೆಯೇ ಸಾಗಹಾಕುವ ಜಾಣತನ ಇದೆಯಲ್ಲ, ಗಮನ ಅದರ ಮೇಲಿರಲಿ.

ಇಷ್ಟು ಕೇಳಿ ನೋವಿನ ಮಾತ್ರೆಯನ್ನೇ ಬರೆಯುವುದಿಲ್ಲ ಎಂದು ಶಪಥ ಮಾಡಿಬಿಟ್ಟೀಯ! ಹಾಗೆ ಮಾಡಬೇಡ. ನೋವು ಇಳಿಸುವುದು ನಮ್ಮ ಕೆಲಸವೇ. ರೋಗಿ ನರಳುತ್ತಿರುವಾಗ ಅಡ್ಡ ಪರಿಣಾಮದ ಪಾಠ ಒಪ್ಪಿಸುವ ಡಾಕ್ಟರಿಗಿಂತ ಊರ ಮೂಳೆ ಕಟ್ಟುವವನೇ ಮೇಲು. ಬುದ್ಧಿಹಲ್ಲು ಕೀಳಿಸಿಕೊಂಡವರಿಗೆ 400 ಮಿಲಿಗ್ರಾಂ ಐಬುಪ್ರೊಫೆನ್ ಕೊಟ್ಟರೆ ನೂರರಲ್ಲಿ 54 ಮಂದಿಗೆ ನೋವು ಅರ್ಧಕ್ಕರ್ಧ ಇಳಿಯುತ್ತದೆ. ಸಕ್ಕರೆ ಗುಳಿಗೆಗೆ ಇಳಿಯುವುದು 14 ಮಂದಿಗೆ. ಹತ್ತಾರು ಪ್ರಯೋಗಗಳನ್ನು ಒಟ್ಟುಗೂಡಿಸಿದ ಕಾಕ್ರೇನ್ ಪರಾಮರ್ಶೆಯ ಲೆಕ್ಕವಿದು, ಗಟ್ಟಿಯಾದದ್ದು. ನಮ್ಮ ಕೈಯಲ್ಲಿರುವ ಎಷ್ಟೋ ಔಷಧಗಳಿಗೆ ಇಷ್ಟು ಬಲವಿಲ್ಲ. ಹಲ್ಲುನೋವು, ಉಳುಕು, ಮುಟ್ಟಿನ ನೋವು, ಗೌಟ್ ಬಂದು ಹೆಬ್ಬೆರಳು ಕೆಂಪಾಗಿ ಬಾತವರು, ಇವರಿಗೆ ನಾಲ್ಕೈದು ದಿನ ಕೊಡಲು ಕೈ ಹಿಂದೆಗೆಯಬೇಡ.

ತೊಡಕು ಶುರುವಾಗುವುದು ಮಂಡಿಯ ಹತ್ತಿರ. ಮಂಡಿ ಸವೆತದ 23 ಪ್ರಯೋಗಗಳನ್ನು 2004ರಲ್ಲಿ ನಾರ್ವೆಯ ಬ್ಯೋರ್ಡಾಲ್ ಮತ್ತು ಸಂಗಡಿಗರು ಕೂಡಿಹಾಕಿ ನೋಡಿದರು. ನೋವು ಇಲ್ಲವೇ ಇಲ್ಲ ಎಂಬುದರಿಂದ ತಡೆಯಲಾರದಷ್ಟು ಎಂಬುದರವರೆಗೆ 100 ಮಿಲಿಮೀಟರ್ ಗೆರೆ ಎಳೆದರೆ, ಸಕ್ಕರೆ ಗುಳಿಗೆಗಿಂತ ಈ ಮಾತ್ರೆಗಳು ಹೆಚ್ಚು ಇಳಿಸಿದ್ದು ಸುಮಾರು 10 ಮಿಲಿಮೀಟರ್. ಪ್ರಯೋಗಗಳ ಅವಧಿ 2ರಿಂದ 13 ವಾರ. ಇದರಲ್ಲೂ ಒಂದು ಕೈಚಳಕವಿದೆ, ಗಮನಿಸು. ಇಂಥ ಎಷ್ಟೋ ಪ್ರಯೋಗಗಳಲ್ಲಿ ಮೊದಲೇ ಈ ಜಾತಿಯ ಮಾತ್ರೆ ತಿನ್ನುತ್ತಿರುವವರನ್ನೇ ಸೇರಿಸಿಕೊಳ್ಳುತ್ತಾರೆ. ಕೆಲವು ದಿನ ಅದನ್ನು ನಿಲ್ಲಿಸುತ್ತಾರೆ. ಯಾರಿಗೆ ನೋವು ಭುಗಿಲೆದ್ದಿತೋ ಅವರಿಗೆ ಮಾತ್ರ ಪ್ರಯೋಗದಲ್ಲಿ ಜಾಗ. ಅಂದರೆ ಮಾತ್ರೆ ಯಾರಿಗೆ ಹಿಡಿಸುತ್ತದೆ ಎಂದು ಮೊದಲೇ ಗೊತ್ತೋ ಅವರಲ್ಲೇ ಅದು ಹಿಡಿಸುತ್ತದೆಯೇ ಎಂದು ನೋಡುವುದು. ಹಿಡಿಸದವರನ್ನು ಹೀಗೆ ಮೊದಲೇ ಹೊರಗಿಡದ ಪ್ರಯೋಗಗಳಲ್ಲಿ ಆ 10 ಮಿಲಿಮೀಟರ್ 6ಕ್ಕೆ ಇಳಿಯಿತು. ತಾಳಿಕೊಳ್ಳುವುದಕ್ಕೂ ಇದೇ ಮಾತು ಅನ್ವಯ. ಹಿಂದೆ ಮಾತ್ರೆಯಿಂದ ಹೊಟ್ಟೆ ಕೆಟ್ಟು ಬಿಟ್ಟವರು ಆ ಬಾಗಿಲೊಳಗೆ ಬಂದೇ ಇರುವುದಿಲ್ಲ.

ಪ್ರಯೋಗದ ಒಳಗೆ ಬಂದವರೂ ಕೊನೆಯವರೆಗೆ ಉಳಿಯುತ್ತಾರೆಂದಲ್ಲ. ವಯಾಕ್ಸ್ ಗಲಾಟೆಯ ನಂತರ ಸೆಲೆಕಾಕ್ಸಿಬ್, ನ್ಯಾಪ್ರಾಕ್ಸೆನ್, ಐಬುಪ್ರೊಫೆನ್ ಮೂರನ್ನೂ ಹೋಲಿಸಲು 24,081 ಜನರ ‘ಪ್ರಿಸಿಷನ್’ ಅಧ್ಯಯನ ಹತ್ತು ವರ್ಷ ನಡೆಯಿತು. 2016ರಲ್ಲಿ ಫಲಿತಾಂಶ: ಹೃದಯದ ವಿಚಾರದಲ್ಲಿ ಸೆಲೆಕಾಕ್ಸಿಬ್ ಉಳಿದೆರಡಕ್ಕಿಂತ ಕಡೆಯಲ್ಲ. ಒಳ್ಳೆಯ ಸುದ್ದಿಯೇ. ಆದರೆ ನಡುವೆ ಮಾತ್ರೆ ಬಿಟ್ಟವರು ನೂರರಲ್ಲಿ 69 ಮಂದಿ! ಕಾಸಿಲ್ಲದೆ ಕೊಟ್ಟ ಮಾತ್ರೆಯನ್ನೇ ಹತ್ತರಲ್ಲಿ ಏಳು ಜನ ಬಿಟ್ಟರು. ನನ್ನನ್ನು ಕೇಳಿದರೆ, ಆ ಪ್ರಬಂಧದಲ್ಲಿ ನೋವಿನ ಮಾತ್ರೆಯ ಬಗ್ಗೆ ಅತ್ಯಂತ ಪ್ರಾಮಾಣಿಕವಾದ ಅಂಕಿ ಅದೇ.

ಯಾವುದನ್ನು ಬರೆಯಲಿ ಎಂದು ಕೇಳುತ್ತೀಯ. 2013ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಆಕ್ಸ್‌ಫರ್ಡಿನವರ ಮಹಾಲೆಕ್ಕ ತಲೆಯಲ್ಲಿರಲಿ. ಏಳುನೂರಕ್ಕೂ ಹೆಚ್ಚು ಪ್ರಯೋಗಗಳನ್ನು ರಾಶಿ ಹಾಕಿ ಅಳೆದಿದ್ದಾರೆ. ದೊಡ್ಡ ಡೋಸಿನ ಡೈಕ್ಲೊಫೆನಾಕನ್ನೋ ವಯಾಕ್ಸ್ ಜಾತಿಯ ಕಾಕ್ಸಿಬನ್ನೋ ಸಾವಿರ ಜನ ಒಂದು ವರ್ಷ ನುಂಗಿದರೆ ಹೆಚ್ಚುವರಿ ಮೂವರಿಗೆ ಹೃದಯಾಘಾತದಂಥ ದೊಡ್ಡ ತೊಂದರೆ, ಅದರಲ್ಲಿ ಒಬ್ಬರ ಸಾವು. ನ್ಯಾಪ್ರಾಕ್ಸೆನ್‌ಗೆ ಈ ಅಪಾಯ ಕಾಣಲಿಲ್ಲ, ಆದರೆ ಹೊಟ್ಟೆಯ ರಕ್ತಸ್ರಾವದಂಥ ತೊಂದರೆ ನಾಲ್ಕು ಪಟ್ಟು. ಡೈಕ್ಲೊಫೆನಾಕ್, ಕಾಕ್ಸಿಬ್‌ಗಳಿಗೆ ಎರಡು ಪಟ್ಟಿಗೆ ಹತ್ತಿರ. ಹೃದಯ ವೈಫಲ್ಯದ ಅಪಾಯವನ್ನಂತೂ ಎಲ್ಲವೂ ಸುಮಾರು ಇಮ್ಮಡಿ ಮಾಡುತ್ತವೆ. ಆದ್ದರಿಂದ ಒಳ್ಳೆಯ ಮಾತ್ರೆ ಯಾವುದು ಅನ್ನುವ ಪ್ರಶ್ನೆಗಿಂತ ಎದುರಿಗೆ ಕೂತವರ ದುರ್ಬಲ ಜಾಗ ಯಾವುದು ಎಂಬ ಪ್ರಶ್ನೆ ಮೊದಲು. ಹೊಟ್ಟೆಯೋ, ಎದೆಯೋ, ಕಿಡ್ನಿಯೋ. ಹೊಟ್ಟೆಯಾದರೆ ಗ್ಯಾಸ್ ಮಾತ್ರೆಯ ರಕ್ಷಣೆ ಉಂಟು. ಕಿಡ್ನಿಗೆ ಅಂಥ ಕೊಡೆ ಯಾವುದೂ ಇಲ್ಲ.

ಕಿಡ್ನಿಯ ಮಾತು ಬಂತಲ್ಲ. ಅರವತ್ತು ದಾಟಿದ ಯಾರೇ ಬಂದರೂ ಮನೆಯಲ್ಲಿರುವ ಮಾತ್ರೆಗಳನ್ನೆಲ್ಲ ತರಲು ಹೇಳು. ಪ್ಲಾಸ್ಟಿಕ್ ಕವರ್ ಮೇಜಿನ ಮೇಲೆ ಸುರಿದಾಗ ಏನು ಬೀಳುತ್ತದೆ ಎಂದು ನೋಡು. ಬಿಪಿಗೆ ಟೆಲ್ಮಿಸಾರ್ಟನ್, ಅದೇ ಮಾತ್ರೆಯೊಳಗೆ ಸೇರಿಕೊಂಡು ಬರುವ, ಉಚ್ಚೆ ಹೋಗಿಸುವ ಥಯಜೈಡ್, ಮೂಳೆ ಡಾಕ್ಟರು ಬರೆದ ಅಸಿಕ್ಲೊಫೆನಾಕ್-ಪ್ಯಾರಸಿಟಮಾಲ್, ಕತ್ತರಿಸಿದ ಸ್ಟ್ರಿಪ್ಪಿನಲ್ಲಿ ಹೆಸರಿಲ್ಲದೆ ಉಳಿದ ನಾಲ್ಕು ಗುಳಿಗೆ, ಪಕ್ಕದ ಮನೆಯವರಿಗೆ ಒಗ್ಗಿತೆಂದು ತಂದದ್ದು. ಒಬ್ಬರು ಬರೆದದ್ದು ಇನ್ನೊಬ್ಬರಿಗೆ ಗೊತ್ತಿಲ್ಲ. ಮೊದಲ ಎರಡರ ಜೊತೆ ಮೂರನೆಯದು ಸೇರಿದರೆ ಕಿಡ್ನಿಗೆ ಮೂರು ಕಡೆಯಿಂದ ಪೆಟ್ಟು. ಬ್ರಿಟನ್ನಿನ ನಾಲ್ಕೂ ಮುಕ್ಕಾಲು ಲಕ್ಷಕ್ಕೂ ಹೆಚ್ಚು ಬಿಪಿ ರೋಗಿಗಳ ದಾಖಲೆ ಹುಡುಕಿ 2013ರಲ್ಲಿ ಬರೆದ ಅಧ್ಯಯನದಲ್ಲಿ ಈ ಮೂರರ ಕೂಟಕ್ಕೆ ಕಿಡ್ನಿ ದಿಢೀರ್ ಕೈಕೊಡುವ ಸಾಧ್ಯತೆ ಶೇ. 31 ಹೆಚ್ಚು, ಮೊದಲ ಮೂವತ್ತು ದಿನದಲ್ಲಂತೂ ಶೇ. 82. ಅದರ ಮೇಲೆ ಬೇಸಿಗೆಯಲ್ಲಿ ವಾಂತಿಭೇದಿ ಬಂದರೆ ಕೇಳಲೇಬೇಡ. ಕವರಿನಲ್ಲಿ ಹೃದಯಕ್ಕೆಂದು ಆಸ್ಪಿರಿನ್ ಇದ್ದರೆ ಐಬುಪ್ರೊಫೆನ್ ಬರೆಯುವ ಮುಂಚೆ ಎರಡು ಸಲ ಯೋಚಿಸು. ಐಬುಪ್ರೊಫೆನ್ ಮೊದಲು ಒಳಗೆ ಹೋದರೆ ಆಸ್ಪಿರಿನ್ ಕೂರಬೇಕಾದ ಜಾಗದಲ್ಲಿ ಕೂತು ಅದರ ಕೆಲಸ ಕೆಡಿಸುತ್ತದೆ.

ಯಾರಲ್ಲಿ ಪರೀಕ್ಷಿಸಿದರು ಎಂಬ ಪ್ರಶ್ನೆ ಎಷ್ಟು ದೂರ ಹೋಗುತ್ತದೆ ನೋಡು. ಡೈಕ್ಲೊಫೆನಾಕನ್ನು ದನಗಳು ತಾಳಿಕೊಂಡವು, ಕುಂಟುತ್ತಿದ್ದ ಎತ್ತು ನಡೆಯಿತು. ಆದರೆ ಔಷಧ ಮೈಯಲ್ಲಿರುವಾಗ ಸತ್ತ ದನವನ್ನು ತಿಂದ ರಣಹದ್ದುಗಳ ಕಿಡ್ನಿ ಕೈಕೊಟ್ಟಿತು. 2004ರಲ್ಲಿ ಲಿಂಡ್ಸೆ ಓಕ್ಸ್ ಮತ್ತು ಸಂಗಡಿಗರು ಪಾಕಿಸ್ತಾನದಲ್ಲಿ ಇದನ್ನು ಪತ್ತೆ ಹಚ್ಚಿದರು. 2006ರಲ್ಲಿ ಭಾರತ ಪಶುಗಳಿಗೆ ಅದನ್ನು ನಿಷೇಧಿಸಿತು. ಆಮೇಲೂ ಮನುಷ್ಯರ ದೊಡ್ಡ ಸೀಸೆ ದನಕ್ಕೆ ಹೋಗುತ್ತಿತ್ತೆಂದು 2015ರಲ್ಲಿ ಇಂಜೆಕ್ಷನ್ ಸೀಸೆಯನ್ನೇ 3 ಮಿಲಿಲೀಟರಿಗೆ ಇಳಿಸಬೇಕಾಯಿತು. ರಾಮನಗರದ ರಾಮದೇವರ ಬೆಟ್ಟದಲ್ಲಿ ಉಳಿದಿರುವ ಉದ್ದಕೊಕ್ಕಿನ ಹದ್ದುಗಳನ್ನು ನೋಡಲು ಹೋದಾಗ ಅಲ್ಲಿಯ ಬಂಡೆಗಿಂತ ಈ ಸೀಸೆಯೇ ನನಗೆ ನೆನಪಾಗುವುದು. ವೈದ್ಯನ ಹಣೆಬರಹ!

ನಮ್ಮ ಮಾರುಕಟ್ಟೆಯ ಕೆಲವು ಮಾತು ಬೇಗ ಹೇಳಿ ಮುಗಿಸುತ್ತೇನೆ. ಒಂದೇ ಮಾತ್ರೆಯಲ್ಲಿ ಎರಡು ಮೂರು ಔಷಧ ತುರುಕಿದ್ದನ್ನು ಕಂಡರೆ, ಮೂರೂ ಬೇಕೇ ಎಂದು ಕೇಳು. ನಿಮೆಸುಲೈಡ್ ಮತ್ತು ಪ್ಯಾರಸಿಟಮಾಲ್ ಸೇರಿಸಿದ, ನೀರಿನಲ್ಲಿ ಕರಗುವ ಮಾತ್ರೆಯನ್ನು 2023ರಲ್ಲಿ ನಿಷೇಧಿಸಿದ್ದಾರೆ. ಹನ್ನೆರಡು ವರ್ಷದೊಳಗಿನ ಮಕ್ಕಳಿಗೆ ನಿಮೆಸುಲೈಡ್ 2011ರಿಂದಲೇ ನಿಷಿದ್ಧ. ಅಂಗಡಿಯಲ್ಲಿ ಕೊಟ್ಟರು ಅಂತ ತಾಯಂದಿರು ಸಿರಪ್ ತಂದು ತೋರಿಸಿದರೆ ರೇಗಬೇಡ, ಯಾವ ಅಂಗಡಿ ಎಂದು ಕೇಳು. ಮಳೆಗಾಲದಲ್ಲಿ ಮೈಕೈ ನೋವಿನ ಜ್ವರ ಬಂದರೆ ಡೆಂಗಿ ಅಲ್ಲವೆಂದು ಖಾತ್ರಿಯಾಗುವವರೆಗೆ ಪ್ಯಾರಸಿಟಮಾಲ್ ಬಿಟ್ಟು ಬೇರೇನೂ ಬೇಡ, ‘ಸೂಜಿ ಹಾಕಿ ಡಾಕ್ಟ್ರೇ’ ಎಂದು ಎಷ್ಟೇ ದುಂಬಾಲು ಬಿದ್ದರೂ. ಗರ್ಭಿಣಿಗೆ ಐದು ತಿಂಗಳು ತುಂಬಿದ ಮೇಲೆ ಈ ಜಾತಿಯ ನೋವಿನ ಮಾತ್ರೆಗಳ ಹತ್ತಿರವೂ ಹೋಗಬೇಡ. ಹೃದಯಕ್ಕೆಂದೋ ಬಿಪಿಗೆಂದೋ ಕೊಡುವ ಸಣ್ಣ ಡೋಸಿನ ಆಸ್ಪಿರಿನ್ ಕತೆ ಬೇರೆ, ಅದನ್ನು ಹೆರಿಗೆ ಡಾಕ್ಟರು ನೋಡಿಕೊಳ್ಳುತ್ತಾರೆ. ಮಂಡಿಗೆ ಮೊದಲು ಡೈಕ್ಲೊಫೆನಾಕ್ ಜೆಲ್ ಹಚ್ಚಿ ನೋಡಲು ಹೇಳು. ರಕ್ತಕ್ಕೆ ಇಳಿಯುವುದು ತೀರಾ ಕಡಿಮೆ, ಎಷ್ಟೋ ಮಂದಿಗೆ ಅಷ್ಟೇ ಸಾಕಾಗುತ್ತದೆ. ಜೊತೆಗೆ ತೊಡೆಯ ಸ್ನಾಯು ಗಟ್ಟಿಯಾಗುವ ವ್ಯಾಯಾಮವನ್ನು ನೀನೇ ಕುರ್ಚಿಯಲ್ಲಿ ಕೂತು ಕಾಲು ಚಾಚಿ ತೋರಿಸು. ಚೀಟಿಯಲ್ಲಿ ಬರೆದುಕೊಟ್ಟರೆ ಯಾರೂ ಮಾಡುವುದಿಲ್ಲ.

ಮಾತ್ರೆ ಬರೆದಾಗ ಎಷ್ಟು ಹೊತ್ತಿಗೆ ಎಂದಷ್ಟೇ ಅಲ್ಲ, ಎಂದು ನಿಲ್ಲಿಸಬೇಕು ಎಂಬ ತಾರೀಖನ್ನೂ ಚೀಟಿಯಲ್ಲಿ ಬರೆ, ಕನ್ನಡದಲ್ಲಿ. ಹಳೇ ಚೀಟಿ ಹಿಡಿದು ಅಂಗಡಿಗೆ ಹೋಗಿ ವರ್ಷಗಟ್ಟಲೆ ಅದನ್ನೇ ಕೊಳ್ಳುವವರು ಊರು ತುಂಬ ಇದ್ದಾರೆ. ಮುಂದುವರಿಸಲೇಬೇಕು ಎಂದಾದರೆ ಬಿಪಿ ನೋಡದೆ, ಕ್ರಿಯಾಟಿನಿನ್ ನೋಡದೆ, ಮಲ ಕಪ್ಪಗೆ ಹೋಗುತ್ತಿದೆಯೇ ಎಂದು ಕೇಳದೆ ಮುಂದಿನ ತಿಂಗಳ ಚೀಟಿ ಕೊಡಬೇಡ. ಮಲದ ವಿಚಾರ ಅವರಾಗಿ ಹೇಳುವುದಿಲ್ಲ, ನಾಚಿಕೊಳ್ಳುತ್ತಾರೆ. ನೀನೇ ಬಾಯಿಬಿಟ್ಟು ಕೇಳಬೇಕು.

ಮತ್ತೆ, 12 ವಾರದ ಪ್ರಯೋಗ ಕಾಣದ್ದನ್ನು ಕಾಣುವುದು ನಿನ್ನ ಬೆಂಚಿನ ಮೇಲೆ ಕೂತವರಲ್ಲೇ. 2023ರ ಕೊನೆಯಲ್ಲಿ ಭಾರತೀಯ ಫಾರ್ಮಕೋಪಿಯ ಆಯೋಗ ಮೆಫೆನಮಿಕ್ ಆಮ್ಲದ ಬಗ್ಗೆ, ಅಂದರೆ ಮುಟ್ಟಿನ ನೋವಿಗೆ ಹೆಣ್ಣುಮಕ್ಕಳು ಕಣ್ಣು ಮುಚ್ಚಿ ನುಂಗುವ ಮೆಫ್ಟಾಲ್‌ನೊಳಗಿನ ಔಷಧದ ಬಗ್ಗೆ, ಎಚ್ಚರಿಕೆ ಕೊಟ್ಟಿತಲ್ಲ, ಮೈಮೇಲೆ ದದ್ದೆದ್ದು ಜ್ವರ ಬಂದು ಒಳಗಿನ ಅಂಗಗಳಿಗೂ ತಗುಲುವ ಡ್ರೆಸ್ ಎಂಬ ಅಪರೂಪದ ಪ್ರತಿಕ್ರಿಯೆಯ ಕುರಿತು? ಅದು ಯಾವ ಕಂಪನಿಯ ಹೊಳಪು ಹಾಳೆಯಿಂದಲೂ ಬಂದದ್ದಲ್ಲ. ದೇಶದ ಅಲ್ಲಲ್ಲಿಂದ ಬಂದ ವರದಿಗಳನ್ನು ಪೋಣಿಸಿದಾಗ ಕಂಡದ್ದು. ವರದಿ ಮಾಡುವುದು ದೊಡ್ಡ ಕೆಲಸವಲ್ಲ. ಮಾತ್ರೆಯ ಹೆಸರು, ಬ್ಯಾಚ್ ನಂಬರ್, ಎಂದು ಶುರು ಮಾಡಿದರು, ಎಂದು ಏನಾಯಿತು, ಜೊತೆಗೆ ಇನ್ನೇನು ತಿನ್ನುತ್ತಿದ್ದರು, ಇಷ್ಟು ಬರೆದರೆ ಆಯಿತು. ಮಾತ್ರೆಯಿಂದಲೇ ಆಯಿತು ಎಂದು ನೀನು ಸಾಬೀತು ಮಾಡಬೇಕಾಗಿಲ್ಲ, ಅನುಮಾನ ಸಾಕು. 1800-180-3024ಕ್ಕೆ ಕರೆ ಮಾಡಿದರೆ ಕಾಸೂ ಬೀಳುವುದಿಲ್ಲ. ರೋಗಿಗಳೇ ತುಂಬುವ ಫಾರಂ ಕನ್ನಡದಲ್ಲೂ ಇದೆ. ಒಂದು ಕಟ್ಟು ಪ್ರಿಂಟ್ ಹಾಕಿಸಿ, ರೆಪ್ ಹುಡುಗ ಕೊಟ್ಟ ಪೆನ್ ಸ್ಟ್ಯಾಂಡ್ ಇಡುತ್ತೀಯಲ್ಲ, ಆ ಜಾಗದಲ್ಲಿಡು.